ವಿಲ್ ಬರೆಯೋಕೆ ಲಾಯರ್ ಬೇಕೇ ಬೇಕಾ?

ಪ್ರಶ್ನೆ: ನಾನು ನಿವೃತ್ತ ಹೈಸ್ಕೂಲ್ ಮೇಷ್ಟ್ರು, ವಯಸ್ಸು 71. ಹಾಸನದಲ್ಲಿ ಒಂದು ಮನೆ ಇದೆ. 1994ರಲ್ಲಿ ನನ್ನ ಸಂಬಳದ ದುಡ್ಡಲ್ಲಿ ಕೊಂಡದ್ದು, ಪತ್ರ ಹೆಂಡತಿಯ ಹೆಸರಲ್ಲಿದೆ. ಊರಲ್ಲಿ 3 ಎಕರೆ 12 ಗುಂಟೆ ತೆಂಗಿನ ತೋಟ. ಅದು 1979ರಲ್ಲಿ ಭೂನ್ಯಾಯ ಮಂಡಳಿಯಿಂದ ನಮ್ಮ ತಂದೆಯ ಹೆಸರಿಗೆ ಮಂಜೂರಾದ ಜಮೀನು. ತಂದೆ 1998ರಲ್ಲಿ ತೀರಿಕೊಂಡರು. ಆಮೇಲೆ ಅಣ್ಣ ಮತ್ತು ನಾನು ಊರ ಹಿರಿಯರ ಮುಂದೆ ಪಾಲುಪಟ್ಟಿ ಬರೆದುಕೊಂಡೆವು. ಪಹಣಿ ನನ್ನ ಹೆಸರಿಗೆ ಬರುತ್ತಿದೆ. ತಂಗಿಗೆ ಮದುವೆಯಲ್ಲೇ ಕೊಟ್ಟಾಗಿದೆ. ನನಗೆ ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ದೊಡ್ಡವನು ಅಮೆರಿಕದಲ್ಲಿ, ಚಿಕ್ಕವನು ಬೆಂಗಳೂರಲ್ಲಿ. ಮಗಳಿಗೆ ಮಕ್ಕಳಿಲ್ಲ, ಗಂಡ ತೀರಿಕೊಂಡ ಮೇಲೆ ನಮ್ಮ ಜೊತೆಗೇ ಇದ್ದಾಳೆ, ಕೆಲಸದಲ್ಲಿದ್ದಾಳೆ. ಮನೆ ಮಗಳಿಗೆ, ತೋಟ ಗಂಡುಮಕ್ಕಳಿಗೆ ಅಂತ ವಿಲ್ ಬರೆಯಬೇಕು. ಬ್ಯಾಂಕ್ ಠೇವಣಿಗೆ ದೊಡ್ಡವನು ನಾಮಿನಿ, ತೋಟದ ವ್ಯವಹಾರಕ್ಕೆ ಚಿಕ್ಕವನಿಗೆ ಜಿಪಿಎ (ನನ್ನ ಪರವಾಗಿ ವ್ಯವಹರಿಸುವ ಅಧಿಕಾರ ಪತ್ರ) ಕೊಟ್ಟಿದ್ದೇನೆ. ಅಂಗಡಿಯಲ್ಲಿ ವಿಲ್ ಫಾರಂ ಅಚ್ಚು ಮಾಡಿಸಿದ್ದು ಸಿಗುತ್ತದೆ. ನನ್ನ ಅಕ್ಷರವೂ ಚೆನ್ನಾಗಿದೆ. ಲಾಯರ್‌ಗೆ ಯಾಕೆ ಫೀಸು ಕೊಡಬೇಕು?

ಉತ್ತರ:

ಮೇಷ್ಟ್ರೇ, ನಿಮ್ಮ ಪರವಾಗಿರುವ ಮಾತನ್ನು ಮೊದಲು ಹೇಳಿಬಿಡುತ್ತೇನೆ. ವಿಲ್ ಬರೆಯಲು ಲಾಯರ್ ಬೇಕು ಅಂತ ಯಾವ ಕಾನೂನೂ ಹೇಳಿಲ್ಲ. ಸ್ಟಾಂಪ್ ಪೇಪರ್ ಬೇಡ, ನೋಟರಿ ಬೇಡ, ರಿಜಿಸ್ಟರ್ ಮಾಡಿಸುವುದೂ ಕಡ್ಡಾಯವಲ್ಲ. ಬಿಳಿ ಹಾಳೆಯ ಮೇಲೆ ಬರೆದು, ಇಬ್ಬರು ಸಾಕ್ಷಿಗಳ ಎದುರು ನೀವು ಸಹಿ ಹಾಕಿ, ಅವರೂ ನಿಮ್ಮ ಎದುರಿಗೇ ಸಹಿ ಹಾಕಿದರೆ ಅದು ವಿಲ್ಲೇ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 63ನೇ ಕಲಂ ಹೆಚ್ಚುಕಮ್ಮಿ ಇಷ್ಟನ್ನೇ ಕೇಳುತ್ತದೆ. ಒಂದೇ ಮನೆ, ನಿಮ್ಮದೇ ಹೆಸರು, ಒಬ್ಬಳೇ ಮಗಳು ಅಂತಿದ್ದರೆ "ನೀವೇ ಬರ್ಕೊಳ್ಳಿ" ಅಂತ ನಾನೇ ಹೇಳುತ್ತಿದ್ದೆ.

ಆದರೆ ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಅಂಗಡಿಯ ಆ ಫಾರಂಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಮೇಲಿನ ಒಂದೆರಡು ಸಾಲು ಆದಮೇಲೆ ಸಾಮಾನ್ಯವಾಗಿ ಹೀಗೊಂದು ಮಾತು ಅಚ್ಚಾಗಿಯೇ ಇರುತ್ತದೆ: ಕೆಳಗಿನ ಷೆಡ್ಯೂಲ್ ಸ್ವತ್ತು ನನ್ನ ಸ್ವಯಾರ್ಜಿತವಾಗಿದ್ದು, ಇದನ್ನು ವಿಲೇವಾರಿ ಮಾಡಲು ನನಗೆ ಸಂಪೂರ್ಣ ಹಕ್ಕಿರುತ್ತದೆ. ನೀವು ಕೆಳಗೆ ಸರ್ವೇ ನಂಬರ್, ಚಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ) ತುಂಬಿ ಸಹಿ ಹಾಕುತ್ತೀರಿ. ನಿಮ್ಮ ವಿಷಯದಲ್ಲಿ ಈ ಮಾತು ಮನೆಗೆ ನಿಜವಲ್ಲ. ತೋಟಕ್ಕೂ ಪೂರ್ತಿ ನಿಜವಲ್ಲ. ಫಾರಂ ನಿಮ್ಮನ್ನು ಅದನ್ನು ಕೇಳುವುದಿಲ್ಲ. ಎದುರಿಗೆ ಕೂತ ಲಾಯರ್ ಕೇಳುತ್ತಾರೆ. ನೀವು ಫೀಸು ಕೊಡುವುದು ಆ ಪ್ರಶ್ನೆಗಳಿಗೆ.

ಮನೆಯಿಂದ ಶುರು ಮಾಡೋಣ. ದುಡ್ಡು ನಿಮ್ಮದೇ ಇರಬಹುದು. ಆದರೆ ರಿಜಿಸ್ಟರ್ ಆದ ಕ್ರಯಪತ್ರದಲ್ಲಿ ಒಡತಿ ನಿಮ್ಮ ಮನೆಯವರು. ಅವರ ಆಸ್ತಿಯನ್ನು ನಿಮ್ಮ ವಿಲ್‌ನಲ್ಲಿ ಯಾರಿಗೂ ಬರೆಯಲು ಬರುವುದಿಲ್ಲ. ಬರೆದರೂ ಆ ಭಾಗ ನಿಲ್ಲುವುದಿಲ್ಲ. ಅವರು ವಿಲ್ ಬರೆಯದೆ ತೀರಿಕೊಂಡರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 15ನೇ ಕಲಂ ಪ್ರಕಾರ ಮನೆ ನಿಮಗೂ ಮೂರು ಮಕ್ಕಳಿಗೂ ಸಮವಾಗಿ ಹೋಗುತ್ತದೆ. ಅಂದರೆ ಮಗಳಿಗೆ ಕಾಲು ಭಾಗ. ಆ ಮಗು ತಲೆ ಮೇಲೆ ಸೂರಿರಲಿ ಅಂತ ನೀವು ಯೋಚಿಸಿದ್ದಕ್ಕೆ ಕಾಲು ಭಾಗ ಸಾಕಾಗುತ್ತಾ? ಆದ್ದರಿಂದ ಮೊದಲು ವಿಲ್ ಬರೆಯಬೇಕಾದವರು ನಿಮ್ಮ ಮನೆಯವರು. ಅವರದು ಬೇರೆ, ನಿಮ್ಮದು ಬೇರೆ. ಗಂಡ ಹೆಂಡತಿ ಸೇರಿ ಒಂದೇ ವಿಲ್ ಬರೆದು, ಒಬ್ಬರು ಹೋದಮೇಲೆ ಇನ್ನೊಬ್ಬರು ಅದನ್ನು ಬದಲಾಯಿಸಬಹುದಾ ಇಲ್ವಾ ಅಂತ ವರ್ಷಗಟ್ಟಲೆ ಜಗಳ ಆದದ್ದನ್ನು ನೋಡಿದ್ದೇನೆ.

ಇನ್ನು ಮಗಳ ವಿಷಯ. ನಿಮ್ಮ ಪತ್ರದಲ್ಲಿ ನನಗೆ ಅತಿ ಜಾಸ್ತಿ ಕಾಳಜಿಯಾದದ್ದು ಇದೇ ಜಾಗದಲ್ಲಿ. ತಾಯಿ ವಿಲ್ ಬರೆದು ಮನೆ ಮಗಳಿಗೆ ಬಂತು ಅಂತ ಇಟ್ಟುಕೊಳ್ಳಿ. ಮಗಳು ವಿಲ್ ಬರೆಯದೆ ಹೋದರೆ ಆ ಮನೆ ಯಾರಿಗೆ? ಅಣ್ಣ ತಮ್ಮಂದಿರಿಗೆ ಅಂತ ನೀವು ಅಂದುಕೊಂಡಿರುತ್ತೀರಿ. 15ನೇ ಕಲಂ ಹಾಗೆ ಹೇಳುವುದಿಲ್ಲ. ಹೆಣ್ಣುಮಗಳಿಗೆ ಮಕ್ಕಳೂ ಗಂಡನೂ ಇಲ್ಲದಿದ್ದರೆ ಆಸ್ತಿ ಮೊದಲು ಹೋಗುವುದು ಗಂಡನ ವಾರಸುದಾರರಿಗೆ. ಅವರು ಯಾರೂ ಇಲ್ಲದಿದ್ದರೆ ಮಾತ್ರ ಅವಳ ಸ್ವಂತ ಅಪ್ಪ ಅಮ್ಮನಿಗೆ. ತಂದೆ ತಾಯಿಯಿಂದ ಪಿತ್ರಾರ್ಜಿತವಾಗಿ, ಅಂದರೆ ವಿಲ್ ಇಲ್ಲದೆ ವಾರಸಾಗಿ, ಬಂದದ್ದು ಮಾತ್ರ ತವರಿನ ಕಡೆಗೆ, ತಂದೆಯ ವಾರಸುದಾರರಿಗೆ, ವಾಪಸ್ ಹೋಗುತ್ತದೆ ಅಂತ ಅದೇ ಕಲಂನಲ್ಲಿ ಒಂದು ವಿನಾಯಿತಿ ಇದೆ. ಆದರೆ ವಿಲ್ ಮೂಲಕವೋ ದಾನಪತ್ರದ ಮೂಲಕವೋ ಬಂದದ್ದು ಪಿತ್ರಾರ್ಜಿತವಲ್ಲ ಅಂತ ನ್ಯಾಯಾಲಯಗಳು ಹೇಳಿವೆ. ಅಂದರೆ ಏನಾಯಿತು ನೋಡಿ. ತಾಯಿ ಒಳ್ಳೆಯದಾಗಲಿ ಅಂತ ಮಗಳಿಗೆ ವಿಲ್ ಬರೆದರು. ಆ ವಿಲ್ ಇದ್ದದ್ದರಿಂದಲೇ ಮನೆ ಕೊನೆಗೆ ಗಂಡನ ಮನೆ ಕಡೆಗೆ ಹೋಯಿತು.

ಇದು ಸುಮ್ನೆ ಹೆದರಿಸುವ ಮಾತಲ್ಲ. 2009ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಹೀಗೇ ಒಂದು ಪ್ರಕರಣ ಬಂತು. ಮದುವೆಯಾದ ಮೂರೇ ತಿಂಗಳಿಗೆ ಆ ಹೆಣ್ಣುಮಗಳ ಗಂಡ ಹಾವು ಕಚ್ಚಿ ತೀರಿಕೊಂಡಿದ್ದ. ಗಂಡನ ಮನೆಯವರು ಹೊರಗೆ ಹಾಕಿದರು. ತವರಿನವರು ಓದಿಸಿದರು. ಅವಳು ಕೆಲಸಕ್ಕೆ ಸೇರಿ, ಜೀವನವಿಡೀ ದುಡಿದು, ಬ್ಯಾಂಕಿನಲ್ಲೂ ಪಿಎಫ್‌ನಲ್ಲೂ ಹಣ ಉಳಿಸಿ, ವಿಲ್ ಬರೆಯದೆ 1996ರಲ್ಲಿ ತೀರಿಕೊಂಡಳು. ಅವಳ ತಾಯಿ ಆ ಹಣ ಕೇಳಿದರು. ಹೊರಗೆ ಹಾಕಿದ ಆ ಗಂಡನ ಕಡೆಯವರೂ ಕೇಳಿದರು. ಕಾನೂನು ಕಾನೂನೇ, ಅನುಕಂಪದಿಂದ ಅದನ್ನು ಬದಲಿಸಲು ಬರುವುದಿಲ್ಲ ಅಂತ ಕೋರ್ಟ್ ಗಂಡನ ಕಡೆಯವರಿಗೇ ಕೊಟ್ಟಿತು. ಆ ತೀರ್ಪನ್ನು ಓದಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಅವಳು ಒಂದು ಹಾಳೆ ಬರೆದಿಟ್ಟಿದ್ದರೆ ಸಾಕಿತ್ತು.

ನಿಮ್ಮ ಮನೆಗೆ ಎರಡು ದಾರಿ ಇದೆ. ಮಗಳಿಗೆ ಜೀವನಪರ್ಯಂತ ಹಕ್ಕು, ಆಮೇಲೆ ಮೊಮ್ಮಕ್ಕಳಿಗೆ ಅಂತ ತಾಯಿ ಬರೆಯಬಹುದು. ಹಾಗೆ ಮಾಡಿದರೆ ನಾಳೆ ಕಷ್ಟಕಾಲದಲ್ಲಿ ಮಗಳು ಅದನ್ನು ಮಾರಲು, ಅಡ ಇಡಲು ಆಗುವುದಿಲ್ಲ. ಇನ್ನೊಂದು, ಪೂರ್ಣ ಒಡೆತನ ಕೊಟ್ಟು, ಅದೇ ದಿನ ಮಗಳ ಹತ್ತಿರವೂ ಅವಳದೇ ಒಂದು ವಿಲ್ ಬರೆಸುವುದು. ನನ್ನ ಒಲವು ಎರಡನೆಯದಕ್ಕೆ. ದುಡಿಯುವ ಹೆಣ್ಣುಮಗಳ ಕೈ ಕಟ್ಟಬೇಡಿ. ಅವಳ ಸಂಬಳ, ಪಿಎಫ್, ಒಡವೆಗೂ ಇದೇ 15ನೇ ಕಲಂ ಅನ್ವಯಿಸುವುದರಿಂದ ಅವಳಿಗೆ ಹೇಗೂ ಒಂದು ವಿಲ್ ಬೇಕು.

ತೋಟದ ಕಥೆ ಇನ್ನೂ ಸ್ವಲ್ಪ ಉದ್ದ. ಪಹಣಿ ನನ್ನ ಹೆಸರಿಗಿದೆ ಅಂದಿರಿ. ಪಹಣಿ, ಖಾತೆ ಇವೆಲ್ಲ ಕಂದಾಯದ ದಾಖಲೆ. ಹೆಸರು ಬಂದ ಮಾತ್ರಕ್ಕೆ ಒಡೆತನ ಬರುವುದಿಲ್ಲ. ನಿಮ್ಮ ತಂದೆಗೆ 1979ರಲ್ಲಿ ಬಂದದ್ದು ಉಳುವವನೇ ಭೂಮಿಯ ಒಡೆಯ ಕಾನೂನಿನಲ್ಲಿ, ಫಾರಂ 7 ಅನ್ನುವ ಗೇಣಿದಾರರ ಅರ್ಜಿ ಹಾಕಿ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಆ ತಿದ್ದುಪಡಿಯಲ್ಲಿ ಎಷ್ಟೋ ಮನೆಗಳಲ್ಲಿ ಅರ್ಜಿ ಹಾಕಿದ್ದು ಮನೆಯ ಹಿರಿಯರು, ಗೇಣಿ ಮಾಡುತ್ತಿದ್ದದ್ದು ಇಡೀ ಕುಟುಂಬ. ಹಾಗಾಗಿ ನಾನು ನಿಮ್ಮನ್ನು ಮೊದಲು ಕೇಳುವುದು ಇದು: ಆ ಜಮೀನನ್ನು ಗೇಣಿಗೆ ಮೊದಲು ಹಿಡಿದವರು ಯಾರು? ನಿಮ್ಮ ತಂದೆಯಾ, ನಿಮ್ಮ ಅಜ್ಜನಾ?

ತಂದೆ ಒಬ್ಬರೇ ಸ್ವಂತವಾಗಿ ಹಿಡಿದದ್ದಾದರೆ ಅದು ಅವರ ಸ್ವಯಾರ್ಜಿತ. ಅವರು ವಿಲ್ ಬರೆಯದೆ ಹೋದದ್ದರಿಂದ ಹಿಂದೂ ಉತ್ತರಾಧಿಕಾರ ಕಾಯ್ದೆಯ 8ನೇ ಕಲಂ ಪ್ರಕಾರ ನಿಮ್ಮ ತಾಯಿ ಆಗ ಇದ್ದರೆ ಅವರಿಗೂ, ಅಣ್ಣನಿಗೂ, ನಿಮಗೂ, ತಂಗಿಗೂ ಸಮ ಪಾಲು. ನಿಮ್ಮ ಭಾಗಕ್ಕೆ ಬಂದದ್ದು ನಿಮ್ಮದೇ, ಅದರಲ್ಲಿ ನಿಮ್ಮ ಮಕ್ಕಳಿಗೆ ಹುಟ್ಟಿನಿಂದ ಹಕ್ಕಿಲ್ಲ ಅಂತ 1986ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಅದನ್ನು ನೀವು ಇಷ್ಟ ಬಂದವರಿಗೆ ಬರೆಯಬಹುದು. ಅಜ್ಜನ ಕಾಲದ ಗೇಣಿಯಾಗಿ, ಅವಿಭಕ್ತ ಕುಟುಂಬದ್ದು ಅಂತ ಆದರೆ ಲೆಕ್ಕ ಬೇರೆ. ಆಗ ನಿಮ್ಮ ಮೂರೂ ಮಕ್ಕಳಿಗೆ, ಮಗಳಿಗೂ ಸೇರಿ, ಅವರವರ ಪಾಲು ಆಗಲೇ ಇದೆ. ವಿಲ್‌ನಲ್ಲಿ ನೀವು ಬರೆಯಬಹುದಾದದ್ದು ನಿಮ್ಮ ಒಂದು ಪಾಲನ್ನು ಮಾತ್ರ.

ಎರಡರಲ್ಲಿ ಯಾವುದೇ ಆಗಲಿ, ತಂಗಿಯ ಪಾಲು ಉಳಿದಿದೆ. ಮದುವೆಯಲ್ಲಿ ಕೊಟ್ಟ ಚಿನ್ನ, ಮಾಡಿದ ಖರ್ಚು ಅವರ ಹಕ್ಕನ್ನು ಅಳಿಸುವುದಿಲ್ಲ. ಹಿಂದೆ ನಾವು ಇಂಥ ಕೇಸುಗಳಲ್ಲಿ ತಂಗಿಯ ಮದುವೆ ಯಾವ ವರ್ಷ ಆಯಿತು ಅಂತ ಮೊದಲು ಕೇಳುತ್ತಿದ್ದೆವು. ಯಾಕಂದ್ರೆ 1994ರ ಜುಲೈನಲ್ಲಿ ಜಾರಿಯಾದ ಕರ್ನಾಟಕದ ತಿದ್ದುಪಡಿಯಲ್ಲಿ ಅದಕ್ಕೆ ಮುಂಚೆ ಮದುವೆಯಾದ ಹೆಣ್ಣುಮಕ್ಕಳಿಗೆ ಕೂಡುಕುಟುಂಬದ ಆಸ್ತಿಯಲ್ಲಿ ಪಾಲಿರಲಿಲ್ಲ. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಬಂದ ಮೇಲೆ ಆ ಭೇದ ಹೋಯಿತು. ಆ ದಿನ ತಂದೆ ಬದುಕಿರಬೇಕು ಅಂತಲೂ ಇಲ್ಲ ಅಂತ 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟಿನ ವಿನೀತಾ ಶರ್ಮಾ ಪ್ರಕರಣದಲ್ಲಿ ತೀರ್ಮಾನವಾಯಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ರಿಜಿಸ್ಟರ್ ಆದ ವಿಭಾಗಪತ್ರ ಇದ್ದರೆ ಅದನ್ನು ಮುಟ್ಟುವುದಿಲ್ಲ. ನಿಮ್ಮದು ಹಿರಿಯರ ಮುಂದೆ ಬರೆದ ಪಾಲುಪಟ್ಟಿ, ರಿಜಿಸ್ಟರ್ ಆಗಿಲ್ಲ. ಅದರ ಪ್ರಕಾರ ಖಾತೆ ಬದಲಾಗಿದೆ ಅಂತ ನೀವು ವಾದಿಸಬಹುದು. ಆದರೆ ಅದು ವಾದ. ನಾಳೆ ಆ ವಾದ ಮಾಡಬೇಕಾದವರು ನಿಮ್ಮ ಮಕ್ಕಳು, ಅದೂ ತಮ್ಮ ಸೋದರತ್ತೆಯ ಎದುರು ನಿಂತು.

ಆದ್ದರಿಂದ ತೋಟದ ವಿಲ್ ಬರೆಯುವ ಮುಂಚೆ ತಂಗಿಯ ಹತ್ತಿರ ಹೋಗಿ ಕೂತು ಮಾತಾಡಿ. ನೀವು ಬದುಕಿರುವಾಗ ಅಣ್ಣ ಕೇಳಿದರೆ ತಂಗಿ ಒಂದು ಮಾತು ಕೇಳುತ್ತಾರೆ. ನಿಮ್ಮ ಸೊಸೆಯಂದಿರು ಕೇಳಿದರೆ ಆ ಸಲಿಗೆ ಇರುವುದಿಲ್ಲ. ಅವರಿಗೆ ಸಲ್ಲಬೇಕಾದದ್ದನ್ನು ಕೊಟ್ಟು, ಒಪ್ಪಿದರೆ ಹಕ್ಕು ಬಿಡುಗಡೆ ಪತ್ರ ಮಾಡಿಸಿಕೊಳ್ಳಿ. ಇಲ್ಲವೇ ಅಣ್ಣ, ತಂಗಿ, ನೀವು ಸೇರಿ ವಿಭಾಗಪತ್ರ ರಿಜಿಸ್ಟರ್ ಮಾಡಿಸಿ. ಕುಟುಂಬದೊಳಗಿನ ಇಂಥ ಪತ್ರಗಳಿಗೆ ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕ ಕ್ರಯಪತ್ರಕ್ಕಿಂತ ತುಂಬಾ ಕಡಿಮೆ. ಅದಾದ ಮೇಲೆ ವಿಲ್ ಬರೆದರೆ ಅದಕ್ಕೆ ಬುಡ ಗಟ್ಟಿ ಇರುತ್ತದೆ.

ಮಂಜೂರಾದ ಜಮೀನಿನ ಬಗ್ಗೆ ಬೇರೆ ಓದುಗರಿಗೂ ಒಂದು ಮಾತು. ಭೂಸುಧಾರಣೆಯಲ್ಲಿ ಬಂದ ಜಮೀನಿಗೆ ಮೊದಲ 15 ವರ್ಷ ಪರಭಾರೆಗೆ, ಅಂದರೆ ಬೇರೆಯವರಿಗೆ ವರ್ಗಾಯಿಸುವುದಕ್ಕೆ, ನಿರ್ಬಂಧ ಇರುತ್ತದೆ. ಆ ಅವಧಿಯೊಳಗೆ ಹೊರಗಿನವರಿಗೆ ಬರೆದ ವಿಲ್ ಕೂಡ ನಿಲ್ಲದ ಉದಾಹರಣೆ ನಮ್ಮ ರಾಜ್ಯದ್ದೇ ಇದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಿಗೆ ಅದರ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಬೇರೆಯೇ ಇದೆ. ಮಂಜೂರಾತಿ ಆದೇಶವನ್ನು ಓದಿಸದೆ ಇಂಥ ಜಮೀನಿಗೆ ಯಾವ ಪತ್ರವನ್ನೂ ಬರೆಯಬೇಡಿ.

ಈಗ ಸಾಕ್ಷಿಗಳು. ವಿಲ್ ಸಾಬೀತಾಗಬೇಕಾದಾಗ ಬರೆದವರು ಇರುವುದಿಲ್ಲ. ಅದಕ್ಕೇ ಸಹಿ ಹಾಕಿದ ಸಾಕ್ಷಿಗಳಲ್ಲಿ ಒಬ್ಬರಾದರೂ ಕೋರ್ಟಿಗೆ ಬಂದು ಹೇಳಲೇಬೇಕು ಅಂತ ಕಾನೂನು. ನನ್ನ ಮೊದಲ ವರ್ಷಗಳಲ್ಲಿ ನೋಡಿದ ಒಂದು ಕೇಸು ಇವತ್ತಿಗೂ ಕಣ್ಣ ಮುಂದಿದೆ. ಮುತ್ತಿನಂಥ ಅಕ್ಷರದಲ್ಲಿ ಬರೆದ ವಿಲ್. ಇಬ್ಬರು ಸಾಕ್ಷಿ, ಕೆಳಗೆ ಪತ್ರ ಬರೆದುಕೊಟ್ಟವರ ಬಿಕ್ಕಲಂ, ಅಂದರೆ ಅವರ ಸಹಿ. ಕಾಗದದ ಮೇಲೆ ಒಂದು ಕುಂದೂ ಇರಲಿಲ್ಲ. ಒಬ್ಬ ಸಾಕ್ಷಿ ಅಷ್ಟರಲ್ಲಿ ತೀರಿಕೊಂಡಿದ್ದರು. ಇನ್ನೊಬ್ಬರು ಪಕ್ಕದ ಮನೆಯ ಯಜಮಾನರು, ಸುಳ್ಳು ಹೇಳುವ ಮನುಷ್ಯನಲ್ಲ. ಕಟಕಟೆಯಲ್ಲಿ ನಿಂತವರನ್ನು ಎದುರು ವಕೀಲರು ಕೇಳಿದರು, "ನೀವು ಸಹಿ ಹಾಕುವಾಗ ಯಜಮಾನರು ಎಲ್ಲಿದ್ದರು?" ಅವರು ಹೇಳಿದರು, "ಒಳಗೆ ಮಲಗಿದ್ರು ಸ್ವಾಮಿ. ಮಗ ತಂದು ಕೊಟ್ಟ, ನಾನು ಜಗಲಿ ಮೇಲೆ ಕೂತು ಹಾಕ್ದೆ." ವಿಲ್ ಅಲ್ಲಿಗೆ ಮುಗಿಯಿತು. ಬರೆದವರು ಸಹಿ ಹಾಕಿದ್ದನ್ನು ಸಾಕ್ಷಿ ನೋಡಿರಲಿಲ್ಲ. ಇದು ನನ್ನ ಸಹಿ ಅಂತ ಅವರ ಬಾಯಿಂದ ಕೇಳಿರಲಿಲ್ಲ. ಅವರ ಎದುರಿಗೆ ತಾನು ಸಹಿ ಹಾಕಿರಲೂ ಇಲ್ಲ. ಒಳಗಿನ ಕೋಣೆಗೂ ಜಗಲಿಗೂ ಹತ್ತು ಹೆಜ್ಜೆ.

ಇನ್ನೊಂದು, ವಿಲ್‌ನಿಂದ ಲಾಭ ಆಗುವವರೇ ಮುಂದೆ ನಿಂತು ಬರೆಸಿದರೆ ಕೋರ್ಟಿಗೆ ಅನುಮಾನ ಬರುತ್ತದೆ. ಆ ಅನುಮಾನ ನಿವಾರಿಸುವ ಹೊಣೆ ವಿಲ್ ತಂದವರ ಮೇಲೆಯೇ ಬೀಳುತ್ತದೆ. ಇವತ್ತಿಗೂ ದೇಶದ ಎಲ್ಲ ಕೋರ್ಟುಗಳಲ್ಲಿ ಉಲ್ಲೇಖವಾಗುವ 1959ರ ವೆಂಕಟಾಚಲ ಅಯ್ಯಂಗಾರ್ ವಿರುದ್ಧ ತಿಮ್ಮಜಮ್ಮ ತೀರ್ಪು ನಮ್ಮ ಹಳೇ ಮೈಸೂರಿನಿಂದಲೇ ಹೋದದ್ದು. ಆದ್ದರಿಂದ ಚಿಕ್ಕ ಮಗ ತನಗೆ ಗೊತ್ತಿರುವ ಲಾಯರ್ ಹತ್ತಿರ ಕರೆದುಕೊಂಡು ಹೋಗಿ, ತಾನೇ ಫೀಸು ಕೊಟ್ಟು, ಪಕ್ಕದಲ್ಲೇ ಕೂತು ಬರೆಸುವುದು ಬೇಡ. ಎಷ್ಟೇ ಒಳ್ಳೆಯ ಮಗ ಆದರೂ ಬೇಡ. ಲಾಯರ್ ನಿಮ್ಮವರಾಗಿರಲಿ, ಫೀಸು ನೀವೇ ಕೊಡಿ, ಮಾತಾಡುವಾಗ ಮಕ್ಕಳು ಹೊರಗಿರಲಿ. ಸಾಕ್ಷಿಗಳು ನಿಮಗಿಂತ ಚಿಕ್ಕವರಾಗಿರಲಿ, ಆಸ್ತಿ ಪಡೆಯುವವರಾಗಲಿ ಅವರ ಗಂಡ ಹೆಂಡತಿಯಾಗಲಿ ಆಗಿರಬಾರದು. ಕ್ರೈಸ್ತರಿಗೆ ಹಾಗೆ ಸಾಕ್ಷಿ ಹಾಕಿದವರಿಗೆ ಬರೆದದ್ದು ರದ್ದೇ ಆಗುತ್ತದೆ. ಹಿಂದೂಗಳಿಗೆ ಆ ಕಲಂ ಇಲ್ಲ, ಆದರೂ ಅನುಮಾನಕ್ಕೆ ನೀವೇ ದಾರಿ ಮಾಡಿಕೊಟ್ಟ ಹಾಗೆ. ಮುಸ್ಲಿಂ ಓದುಗರಿಗೆ ನಿಯಮವೇ ಬೇರೆ, ವಾರಸುದಾರರ ಒಪ್ಪಿಗೆ ಇಲ್ಲದೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ವಿಲ್ ಮಾಡಲು ಬರುವುದಿಲ್ಲ.

ರಿಜಿಸ್ಟರ್ ಮಾಡಿಸಿ ಅಂತ ನಾನು ಹೇಳುತ್ತೇನೆ. ಕಡ್ಡಾಯವಲ್ಲ, ಆದರೆ ಒಂದು ಪ್ರತಿ ಸರ್ಕಾರದ ಪುಸ್ತಕದಲ್ಲಿ ಉಳಿಯುತ್ತದೆ. ನೀವಿರುವವರೆಗೆ ಅದರ ನಕಲನ್ನು ನಿಮ್ಮನ್ನು ಬಿಟ್ಟು ಬೇರೆಯವರಿಗೆ ಕೊಡುವುದಿಲ್ಲ, ಹಾಗಾಗಿ ಗುಟ್ಟು ಬಯಲಾಗುವ ಭಯ ಬೇಡ. ಮನಸ್ಸು ಬದಲಾದರೆ ಹೊಸದು ಬರೆಯಬಹುದು. ಆದರೆ ಒಂದು ತಪ್ಪು ತಿಳಿವಳಿಕೆ ಬೇಡ. ಸಬ್ ರಿಜಿಸ್ಟ್ರಾರ್ ಮುಂದೆ ನಿಂತದ್ದರಿಂದ ಜಗಲಿಯ ಸಾಕ್ಷಿ ಸರಿಹೋಗುವುದಿಲ್ಲ, ನಿಮ್ಮದಲ್ಲದ ಆಸ್ತಿ ನಿಮ್ಮದಾಗುವುದಿಲ್ಲ. 71 ವಯಸ್ಸಿಗೆ, ಅದೇ ದಿನದ ದಿನಾಂಕ ಹಾಕಿದ ವೈದ್ಯರ ಪತ್ರ ಒಂದನ್ನು ಜೊತೆಗಿಡಿ.

ಉಳಿದದ್ದನ್ನು ಬೇಗ ಹೇಳುತ್ತೇನೆ. ಬ್ಯಾಂಕಿನ ನಾಮಿನಿ ಅಂದರೆ ಹಣ ಕೈಗೆ ತೆಗೆದುಕೊಳ್ಳುವವನು, ಒಡೆಯನಲ್ಲ. ದೊಡ್ಡ ಮಗ ತೆಗೆದುಕೊಂಡು ಎಲ್ಲ ವಾರಸುದಾರರಿಗೂ ಹಂಚಬೇಕು. ಷೇರುಗಳಿಗೂ ಹೀಗೇ ಅಂತ 2023ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಜೀವವಿಮೆಯಲ್ಲಿ ಮಾತ್ರ 2015ರ ನಂತರ ಹೆಂಡತಿ, ಗಂಡ, ಮಕ್ಕಳು, ತಂದೆ ತಾಯಿ ನಾಮಿನಿಯಾದರೆ ಹಣ ಅವರದೇ ಆಗುವ ವ್ಯವಸ್ಥೆ ಇದೆ. 2025ರ ನವೆಂಬರ್ 1ರಿಂದ ಬ್ಯಾಂಕ್ ಖಾತೆಗೆ ನಾಲ್ಕು ಜನರ ತನಕ ನಾಮಿನಿ ಹಾಕಬಹುದು. ಠೇವಣಿ ನಿಮ್ಮ ಮನೆಯವರಿಗೆ ಬರಬೇಕಿದ್ದರೆ ವಿಲ್‌ನಲ್ಲೂ ಬರೆಯಿರಿ, ನಾಮಿನಿಯನ್ನೂ ಅದಕ್ಕೆ ಸರಿಯಾಗಿ ಬದಲಿಸಿ. ಚಿಕ್ಕವನಿಗೆ ಕೊಟ್ಟ ಜಿಪಿಎ ನಿಮ್ಮ ಉಸಿರಿನ ಜೊತೆಗೇ ಮುಗಿಯುತ್ತದೆ, ಅದು ವಿಲ್‌ಗೆ ಬದಲಿಯಲ್ಲ. ಅಮೆರಿಕದ ಮಗ ತೋಟವನ್ನು ವಾರಸಾಗಿ ಪಡೆಯಬಹುದು, ತೊಂದರೆ ಇಲ್ಲ. ಆದರೆ ಅನಿವಾಸಿಯಾಗಿ ಕೃಷಿ ಜಮೀನು ಕೊಳ್ಳಲು ಅವನಿಗೆ ಬರುವುದಿಲ್ಲ. ಹಾಗಾಗಿ ತಮ್ಮನ ಭಾಗವನ್ನು ಆಮೇಲೆ ಕೊಂಡು ಒಂದು ಮಾಡುತ್ತಾನೆ ಅಂತ ಲೆಕ್ಕ ಹಾಕಿದ್ದರೆ ಅದು ಆಗದು.

"ವಿಲ್ ಯಾಕೆ, ಈಗಲೇ ದಾನಪತ್ರ ಮಾಡಿಬಿಡಿ" ಅಂತ ಯಾರಾದರೂ ಹೇಳುತ್ತಾರೆ. ದಾನಪತ್ರ ರಿಜಿಸ್ಟರ್ ಆದ ದಿನವೇ ಆಸ್ತಿ ಕೈಬಿಟ್ಟು ಹೋಗುತ್ತದೆ. ಮಕ್ಕಳು ನೋಡಿಕೊಳ್ಳದಿದ್ದರೆ ಹಿರಿಯ ನಾಗರಿಕರ 2007ರ ಕಾಯ್ದೆಯಡಿ ಉಪವಿಭಾಗಾಧಿಕಾರಿ ಮುಂದೆ ಅದನ್ನು ರದ್ದು ಮಾಡಿಸಲು ಅವಕಾಶ ಇದೆ. ಆದರೆ ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟದ್ದು ಅಂತ ಕಾಣಬೇಕು. ಆ ಒಂದು ಸಾಲು ಇಲ್ಲದ ದಾನಪತ್ರ ಹಿಡಿದು ಓಡಾಡುವ ಹಿರಿಯರನ್ನು ನಾನು ಕಚೇರಿ ಮೆಟ್ಟಿಲ ಮೇಲೆ ನೋಡಿದ್ದೇನೆ. ನಿಮ್ಮಿಬ್ಬರ ಕಾಲಾನಂತರಕ್ಕೇ ಇರಲಿ ಮೇಷ್ಟ್ರೇ, ಬದುಕಿರುವವರೆಗೆ ಮನೆ ತೋಟ ನಿಮ್ಮ ಕೈಯಲ್ಲೇ ಇರಲಿ.

ಯಾವ ಲಾಯರ್ ಹತ್ತಿರ ಹೋಗುವುದು? ಸಿವಿಲ್ ಕೇಸು, ಅದರಲ್ಲೂ ಪಾಲಿನ ದಾವೆ ನಡೆಸಿದ ಅನುಭವ ಇರುವವರನ್ನು ನೋಡಿ. ವಿಲ್ ಎಲ್ಲಿ ಮುರಿಯುತ್ತದೆ ಅಂತ ಅವರಿಗೆ ಗೊತ್ತಿರುತ್ತದೆ. ಮೊದಲೇ ಫೀಸು ಎಷ್ಟು ಅಂತ ನೇರವಾಗಿ ಕೇಳಿ, ಅದರಲ್ಲಿ ನಾಚಿಕೆ ಇಲ್ಲ. ನಿಮ್ಮ ತಂದೆಯ ಬಗ್ಗೆ, ತಂಗಿಯ ಬಗ್ಗೆ ಏನೂ ಕೇಳದೆ ನೇರವಾಗಿ ಬರೆಯಲು ಕೂತರೆ ಎದ್ದು ಬನ್ನಿ. ಹೋಗುವಾಗ ಭೂನ್ಯಾಯ ಮಂಡಳಿ ಆದೇಶ, ಫಾರಂ 10 (ಆ ಆದೇಶದ ಮೇಲೆ ಕೊಟ್ಟ ಹಕ್ಕಿನ ಪ್ರಮಾಣಪತ್ರ), ಪಾಲುಪಟ್ಟಿಯ ಮೂಲ, ಪಹಣಿ, ಮ್ಯುಟೇಶನ್, ಮನೆಯ ಕ್ರಯಪತ್ರ, ಖಾತೆ, ಇತ್ತೀಚಿನ ಇಸಿ (ಋಣಭಾರ ಪತ್ರ), ವಂಶವೃಕ್ಷ ಎಲ್ಲ ಒಂದು ಚೀಲದಲ್ಲಿ ಹಾಕಿಕೊಳ್ಳಿ. ತೋಟಕ್ಕೆ ಪೋಡಿ ಆಗಿದ್ದರೆ, ಅಂದರೆ ಅಳತೆ ಮಾಡಿ ಸರ್ವೇ ನಂಬರ್ ಒಡೆದಿದ್ದರೆ, ಹೊಸ ಸರ್ವೇ ನಂಬರ್ ನೋಡಿ ಬರೆಸಿ, ಹಳೆಯ ನಂಬರಿನ ವಿಲ್ ಹಿಡಿದು ಖಾತೆಗೆ ಹೋದರೆ ಅಲೆದಾಟ ತಪ್ಪುವುದಿಲ್ಲ. ಫೀಸು ಕೊಡಲು ಕಷ್ಟ ಇರುವ ಓದುಗರು ತಾಲ್ಲೂಕು ಕೋರ್ಟಿನಲ್ಲೇ ಇರುವ ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಹೆಣ್ಣುಮಕ್ಕಳಿಗೆ ಅಲ್ಲಿ ಆದಾಯ ಎಷ್ಟೇ ಇದ್ದರೂ ಉಚಿತ ಸಲಹೆಗೆ ಹಕ್ಕಿದೆ.

ಒಬ್ಬರೇ ಹೋಗಬೇಡಿ. ನಿಮ್ಮ ಮನೆಯವರನ್ನು ಕರೆದುಕೊಂಡು ಹೋಗಿ, ಮೊದಲು ಅವರೊಬ್ಬರನ್ನೇ ಒಳಗೆ ಕಳಿಸಿ ನೀವು ಹೊರಗೆ ಕೂತಿರಿ. ಮನೆ ಅವರದು. ಅದು ಯಾರಿಗೆ ಹೋಗಬೇಕು ಅಂತ ನಿಮ್ಮ ಪತ್ರದಲ್ಲಿ ನೀವು ಬರೆದಿದ್ದೀರಿ. ಅವರು ಏನು ಹೇಳುತ್ತಾರೆ ಅಂತ ಇನ್ನೂ ಕೇಳಬೇಕಿದೆ.